ಮನೆಯ ಕಾಗದಪತ್ರಗಳನ್ನು ಎಲ್ಲಿಡಬೇಕು? ಬಳಸಿ ನೋಡಿದ ನಾಲ್ಕು ವಿಧಾನಗಳ ಹೋಲಿಕೆ

ಅಡಿಕೆ ತೋಟವಿರುವ ಮಲೆನಾಡಿನ ಮನೆಯಲ್ಲಿ ಎಷ್ಟು ಬಗೆಯ ಕಾಗದಗಳು ಸೇರಿಕೊಳ್ಳುತ್ತವೆ ಎಂಬುದು ಅವನ್ನೆಲ್ಲ ಒಮ್ಮೆ ಚಾಪೆಯ ಮೇಲೆ ಹರಡಿಕೊಂಡು ಕೂತವರಿಗೇ ಗೊತ್ತು. ಅಜ್ಜನ ಕಾಲದ ವಿಭಾಗ ಪತ್ರ, 1974ರ ಭೂಸುಧಾರಣೆಯ ನಂತರ ಗೇಣಿ ಜಮೀನಿನ ಬಗ್ಗೆ ಬಂದ ಭೂನ್ಯಾಯಮಂಡಳಿಯ ಆದೇಶ ಮತ್ತು ನಮೂನೆ 10 (ಗೇಣಿದಾರರಿಗೆ ಜಮೀನಿನ ಹಕ್ಕು ಕೊಟ್ಟ ಪ್ರಮಾಣಪತ್ರ), ಪಹಣಿ, ಮ್ಯುಟೇಷನ್ (ಖಾತೆ ಬದಲಾವಣೆ) ಪ್ರತಿ, ಕಂದಾಯದ ರಸೀದಿ, ಸೊಸೈಟಿಯ ಪಾಸ್‌ಬುಕ್, ಮಂಡಿಯ ಪಟ್ಟಿ, ಮೆಸ್ಕಾಂ ಬಿಲ್ಲು, ವಿಮೆಯ ಬಾಂಡ್, ಅಂಕಪಟ್ಟಿ, ಆಸ್ಪತ್ರೆಯ ಚೀಟಿ ಇವೆಲ್ಲವೂ ಒಂದೇ ಬೀರುವಿನಲ್ಲಿ ಒಂದರ ಮೇಲೊಂದು ಬಿದ್ದಿರುತ್ತವೆ. ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯಲ್ಲಿ ಇವುಗಳಿಗಾಗಿ ತಗಡಿನ ಟ್ರಂಕು, ತೂತು ಹೊಡೆದು ಪೋಣಿಸುವ ಬಾಕ್ಸ್ ಫೈಲು, ಪ್ಲಾಸ್ಟಿಕ್ ಕವರುಗಳ ಫೈಲು ಮತ್ತು ಮೊಬೈಲು, ಈ ನಾಲ್ಕನ್ನೂ ಬಳಸಿದ್ದೇವೆ. ಪ್ರತಿಯೊಂದೂ ಕನಿಷ್ಠ ಒಂದು ಮಳೆಗಾಲವನ್ನು ಕಂಡಿದೆ.

ನಾನು ನೋಡಿದ್ದು ಎರಡು ಸಂಗತಿಗಳನ್ನು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವವನ್ನು ಕಾಗದ ತಾಳಿಕೊಂಡಿತೇ ಎಂಬುದು ಒಂದು. ನಾನು ಊರಲ್ಲಿಲ್ಲದಾಗ ಅಮ್ಮ ಒಬ್ಬರೇ, ಫೋನಿನಲ್ಲಿ ನನ್ನನ್ನು ಕೇಳದೆ, ಬೇಕಾದ ಕಾಗದವನ್ನು ತೆಗೆದುಕೊಡಬಲ್ಲರೇ ಎಂಬುದು ಇನ್ನೊಂದು. ಎರಡನೆಯದೇ ನನಗೆ ಹೆಚ್ಚು ಮುಖ್ಯ. ಜೋಡಿಸಿದವರ ಕೈಗೆ ಮಾತ್ರ ಸಿಗುವ ಕಾಗದ ಮನೆಯವರಿಗೆ ಇದ್ದೂ ಇಲ್ಲದಂತೆ. ಜೋಡಿಸಿದವರೇ ಆಸ್ಪತ್ರೆಯಲ್ಲಿ ಮಲಗಿರುವಾಗಲೇ ಆರೋಗ್ಯ ವಿಮೆಯ ಪತ್ರ ಬೇಕಾಗುತ್ತದೆ.

ಟ್ರಂಕು ಮತ್ತು ಬಟ್ಟೆಯ ಗಂಟು ಹಿರಿಯರಿಂದ ಬಂದ ಕ್ರಮ. ಗೆದ್ದಲಿನಿಂದ ಕಾಪಾಡುವುದರಲ್ಲಿ ಇದಕ್ಕೆ ಸಮನಾದದ್ದು ನಾಲ್ಕರಲ್ಲಿ ಬೇರೊಂದಿಲ್ಲ. ಹತ್ತಿಯ ಬಟ್ಟೆಯಲ್ಲಿ ಗಾಳಿಯಾಡುವುದರಿಂದ ಕಾಗದ ಬೆವರುವುದಿಲ್ಲ, ನಡುವೆ ಬಜೆಯ ತುಂಡುಗಳನ್ನಿಟ್ಟರೆ ಹುಳುಗಳ ಕಾಟವೂ ಕಡಿಮೆ. ಆದರೆ ಗಂಟಿನಲ್ಲಿ ಕಾಗದವನ್ನು ಮಡಿಸಿಯೇ ಇಡುವುದು ರೂಢಿ, ಹಾನಿಯೆಲ್ಲ ಆ ಮಡಿಕೆಯಿಂದಲೇ. ನಮ್ಮ ವಿಭಾಗ ಪತ್ರದಲ್ಲಿ ಮಡಿಕೆಗಳು ಕೂಡುವ ಕಡೆಗಳಲ್ಲೆಲ್ಲ ಜೋಳದ ಕಾಳಿನಷ್ಟು ತೂತುಗಳಾಗಿದ್ದವು, ಒಂದು ಸರ್ವೆ ನಂಬರಿನ ಕೊನೆಯ ಅಂಕಿ ಅದರಲ್ಲೇ ಹೋಗಿತ್ತು. ಪುಟಗಳನ್ನು ಸೇರಿಸಿದ್ದ ಗುಂಡುಸೂಜಿ ತುಕ್ಕು ಹಿಡಿದು ಸುತ್ತಲಿನ ಕಾಗದವನ್ನು ಕಂದಾಗಿಸಿ ಪುಡಿಯಾಗಿಸಿತ್ತು. ನೋಂದಣಿಯಾದ ಪತ್ರವಾದ್ದರಿಂದ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ದೃಢೀಕೃತ ನಕಲು ಸಿಕ್ಕಿತು. ನೋಂದಣಿಯಾಗದ ಪಾಲುಪಟ್ಟಿಯಾಗಿದ್ದರೆ ಆ ದಾರಿಯೂ ಇರುತ್ತಿರಲಿಲ್ಲ. ಹುಡುಕುವ ವಿಷಯದಲ್ಲಂತೂ ಟ್ರಂಕು ತೀರ ಹಿಂದೆ. ಒಂದು ರಸೀದಿಗಾಗಿ ಗಂಟುಗಳನ್ನೆಲ್ಲ ಬಿಚ್ಚಬೇಕು, ಬಿಚ್ಚಿದ್ದು ಮತ್ತೆ ಅದೇ ಕ್ರಮದಲ್ಲಿ ಕಟ್ಟಿಕೊಳ್ಳುವುದಿಲ್ಲ.

ಬಾಕ್ಸ್ ಫೈಲು ಕಚೇರಿಯ ಶಿಸ್ತನ್ನು ಮನೆಗೆ ತರುತ್ತದೆ. ವರ್ಷವರ್ಷವೂ ಒಂದೇ ಬಗೆಯಲ್ಲಿ ಬರುವ ಕಂದಾಯದ ರಸೀದಿ, ಮಂಡಿಯ ಪಟ್ಟಿ, ಬ್ಯಾಂಕಿನ ಲೆಕ್ಕಪಟ್ಟಿ ಇಂಥವುಗಳಿಗೆ ಇದು ಹೇಳಿಮಾಡಿಸಿದ್ದು; ಹೊಸದನ್ನು ಮೇಲೆ ಹಾಕುತ್ತ ಹೋದರೆ ತಾರೀಖಿನ ಕ್ರಮ ತಾನಾಗಿ ಉಳಿಯುತ್ತದೆ. ಮೂಲ ಪತ್ರಗಳಿಗೆ ಮಾತ್ರ ಇದು ಕೂಡದು ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಛಾಪಾ ಕಾಗದದ ಎಡ ಅಂಚಿನಲ್ಲಿ ಸಹಿಯೋ ಮೊಹರೋ ಇದ್ದೇ ಇರುತ್ತದೆ, ತೂತು ಹೊಡೆಯುವ ಯಂತ್ರಕ್ಕೆ ಅದು ಕಾಣುವುದಿಲ್ಲ. ಇದರ ರಟ್ಟು ಆಷಾಢದ ತೇವವನ್ನು ಹೀರಿಕೊಂಡು ಬೂಷ್ಟು ಹಿಡಿಯುವುದರಿಂದ ಗೋಡೆಗೆ ತಾಗದಂತೆ ಇಡಬೇಕಾಗುತ್ತದೆ.

ಪ್ಲಾಸ್ಟಿಕ್ ಕವರುಗಳ ಫೈಲನ್ನು ಅಮ್ಮ ತಕ್ಷಣ ಒಪ್ಪಿಕೊಂಡರು. ಪುಟ ತಿರುವಿದರೆ ಕಾಗದದ ಮುಖ ಕಾಣುತ್ತದೆ, ತೆಗೆದದ್ದನ್ನು ಅದೇ ಖಾಲಿ ಕವರಿಗೆ ಮರಳಿ ಸೇರಿಸಬಹುದು. ಕನ್ನಡಕ ಹುಡುಕಿ ಓದದೆಯೂ ಪಹಣಿಯ ವಿನ್ಯಾಸ, ಬಾಂಡಿನ ಬಣ್ಣ ಗುರುತಿಸಿ ಅವರು ಬೇಕಾದ್ದನ್ನು ತೆಗೆದುಕೊಡುತ್ತಿದ್ದರು. ಆದರೆ ಕವರು ಯಾವುದರಿಂದ ಮಾಡಿದ್ದು ಎಂಬುದನ್ನು ಅಂಗಡಿಯಲ್ಲೇ ಕೇಳಿ ಕೊಳ್ಳಬೇಕು. ಮೃದುವಾಗಿ, ತುಸು ವಾಸನೆ ಬರುವಂತಿರುವ ಪಿವಿಸಿ ಕವರಿನಲ್ಲಿ ಮೆದುಗೊಳಿಸಲು ಬೆರೆಸಿದ ರಾಸಾಯನಿಕಗಳಿರುತ್ತವೆ. ಕಾಲಕ್ರಮದಲ್ಲಿ ಅವು ಮುದ್ರಣದ ಮಸಿಯನ್ನು ಎಳೆದುಕೊಂಡು ಅಕ್ಷರಗಳನ್ನು ಪ್ಲಾಸ್ಟಿಕ್ಕಿಗೆ ಅಂಟಿಸಿಬಿಡುತ್ತವೆ. ಪಾಲಿಪ್ರೊಪಿಲೀನ್ ಕವರುಗಳಲ್ಲಿ ಈ ತೊಂದರೆಯಿಲ್ಲ. ಶಾಖದಿಂದ ಕಪ್ಪಾಗುವ ಥರ್ಮಲ್ ಕಾಗದದ ಬಿಲ್ಲುಗಳಿಗೆ ಪಿವಿಸಿ ಇನ್ನೂ ಕೆಟ್ಟದ್ದು. ಫ್ರಿಜ್ಜಿನ ವಾರಂಟಿಗೆಂದು ಜೋಪಾನವಾಗಿ ಇಟ್ಟಿದ್ದ ಬಿಲ್ಲು ಹೊರತೆಗೆದಾಗ ಅಂಗಡಿಯ ಹೆಸರಿನ ತೆಳು ನೆರಳಷ್ಟೇ ಉಳಿದಿತ್ತು, ತಾರೀಖೂ ಮೊತ್ತವೂ ಕಾಣದಂತಾಗಿದ್ದವು. ಇಂಥ ಬಿಲ್ಲು ಬಂದ ದಿನವೇ ಜೆರಾಕ್ಸ್ ಮಾಡಿಸಿ ಅದನ್ನು ಇಡುವುದೊಂದೇ ಉಪಾಯ.

ಇದೇ ಸಂದರ್ಭದಲ್ಲಿ ಲ್ಯಾಮಿನೇಷನ್ ಬಗ್ಗೆಯೂ ಹೇಳಿಬಿಡುತ್ತೇನೆ, ಏಕೆಂದರೆ ಅಕ್ಕರೆಯಿಂದಲೇ ಅನೇಕರು ಮೂಲ ಅಂಕಪಟ್ಟಿಗಳನ್ನು ಹೀಗೆ ಮಾಡಿಸುತ್ತಾರೆ. ಬಿಸಿಯಿಂದ ಅಂಟಿಸಿದ ಹಾಳೆಯನ್ನು ಕಾಗದಕ್ಕೆ ಏಟಾಗದಂತೆ ಬಿಡಿಸಲಾಗುವುದಿಲ್ಲ. ಉಬ್ಬು ಮೊಹರು ಚಪ್ಪಟೆಯಾಗುತ್ತದೆ, ಮೇಲೆ ಹೊಸ ಸಹಿಯನ್ನಾಗಲಿ ಷರಾವನ್ನಾಗಲಿ ಹಾಕುವಂತಿಲ್ಲ. ದಯವಿಟ್ಟು ಮೂಲ ಪತ್ರಗಳಿಗೆ ಅದನ್ನು ಮಾಡಿಸಬೇಡಿ.

ಇನ್ನು ಮೊಬೈಲು. ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ಜನ ಒಂದೇ ಎಂದು ತಿಳಿಯುತ್ತಾರೆ. ನಾವು ಫೋಟೊ ಹಿಡಿದು ಉಳಿಸಿಕೊಂಡದ್ದು ಕೇವಲ ಪ್ರತಿ; ಅದನ್ನು ದಾಖಲೆಗಳಿಗೆಂದು ಸರ್ಕಾರ ನಡೆಸುವ ಆನ್‌ಲೈನ್ ಪೆಟ್ಟಿಗೆಯಾದ ಡಿಜಿಲಾಕರ್‌ಗೆ ಏರಿಸಿದರೂ ಅದು ಪ್ರತಿಯೇ. ಸಂಬಂಧಿಸಿದ ಇಲಾಖೆಯೇ ಡಿಜಿಲಾಕರ್ ಮೂಲಕ ನೀಡಿದ ದಾಖಲೆ ಮಾತ್ರ, ಡಿಜಿಟಲ್ ಲಾಕರ್ ಕುರಿತ 2016ರ ನಿಯಮಗಳಿಗೆ 2017ರಲ್ಲಿ ಸೇರಿಸಿದ 9ಎ ನಿಯಮದಂತೆ, ಮೂಲ ದಾಖಲೆಗೆ ಸಮಾನ. ಚಾಲನಾ ಪರವಾನಗಿ, ವಾಹನದ ನೋಂದಣಿ ಪತ್ರ, ಆಧಾರ್ ಇವುಗಳನ್ನು ನಾನು ಈಗ ಜೇಬಿನಲ್ಲಿ ಹೊತ್ತು ತಿರುಗುವುದಿಲ್ಲ. ಹುಡುಕುವ ವೇಗದಲ್ಲಿ ಉಳಿದ ಮೂರೂ ಇದರ ಹತ್ತಿರಕ್ಕೆ ಬರಲಾರವು, ಗೆದ್ದಲು ತೇವಗಳ ಭಯವೂ ಇಲ್ಲ. ಆದರೆ ಅಮ್ಮನ ಪರೀಕ್ಷೆಯಲ್ಲಿ ಇದು ಪೂರ್ತಿ ಸೋತಿತು. ಗುಪ್ತಸಂಖ್ಯೆ ನನ್ನದು, ಒಟಿಪಿ ಬರುವುದು ನನ್ನ ಸಂಖ್ಯೆಗೆ, ಮಳೆ ಹಿಡಿದಾಗ ನಮ್ಮಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುತ್ತವೆ. ಕ್ರಯಪತ್ರವನ್ನು ಅಡವಿಟ್ಟು ಸಾಲ ತೆಗೆಯುವವರಿಂದ ಬ್ಯಾಂಕು ಮೂಲ ಪತ್ರವನ್ನೇ ಕೇಳುತ್ತದೆ. ಉಯಿಲಿಗಂತೂ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯೇ ಅನ್ವಯಿಸುವುದಿಲ್ಲವಾದ್ದರಿಂದ ಅದು ಕಾಗದದ ಮೇಲೆ, ಸಹಿ ಸಾಕ್ಷಿಗಳೊಂದಿಗೆ ಇರಲೇಬೇಕು.

ಹಾಗಾಗಿ ಒಂದನ್ನೇ ಗೆಲ್ಲಿಸುವ ಹಟವನ್ನು ಬಿಟ್ಟೆವು. ಯಾವ ಇಲಾಖೆ ಕೊಟ್ಟ ಕಾಗದ ಎಂದು ವಿಂಗಡಿಸುವುದಕ್ಕಿಂತ, ಯಾವ ಹೊತ್ತಿನಲ್ಲಿ ಅದು ಬೇಕಾಗುತ್ತದೆ ಎಂದು ವಿಂಗಡಿಸಿದ್ದೇ ಎಲ್ಲಕ್ಕಿಂತ ಹೆಚ್ಚು ಪ್ರಯೋಜನ ಕೊಟ್ಟಿತು. ಆಸ್ಪತ್ರೆಗೆ ಓಡುವಾಗ ಬೇಕಾದವು, ಅಂದರೆ ವಿಮೆಯ ಪತ್ರ, ಆಧಾರ್ ಪ್ರತಿ, ರಕ್ತದ ಗುಂಪು, ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳ ಚೀಟಿ, ಇವು ಒಂದು ಕೆಂಪು ಕವರು ಫೈಲಿನಲ್ಲಿ ಬಾಗಿಲ ಪಕ್ಕದ ಗೂಡಿನಲ್ಲಿವೆ. ತಾಲ್ಲೂಕು ಕಚೇರಿಗೆ ಹೋಗುವಾಗ ಬೇಕಾದ ಜಮೀನಿನ ಪ್ರತಿಗಳು ಹಸಿರು ಫೈಲಿನಲ್ಲಿವೆ. ಮೂಲ ಪತ್ರಗಳು ಟ್ರಂಕಿಗೇ ಮರಳಿದವು. ಈ ಸಲ ಮಡಿಸದೆ, ಸೂಜಿ ತೆಗೆದು, ಪಾಲಿಪ್ರೊಪಿಲೀನ್ ಕವರಿನಲ್ಲಿ, ಟ್ರಂಕಿನ ಅಡಿಗೆ ಮರದ ಹಲಗೆ ಕೊಟ್ಟು. ಟ್ರಂಕಿನಲ್ಲಿ ಏನೇನಿದೆ ಎಂಬ ಪಟ್ಟಿಯನ್ನು ಅಮ್ಮನ ಕೈಬರಹದಲ್ಲೇ ಬರೆಸಿ ಮುಚ್ಚಳದ ಒಳಬದಿಗೆ ಅಂಟಿಸಿದ್ದೇವೆ.

ಬೇಡದ ಕಾಗದಗಳನ್ನು ತೆಗೆದುಹಾಕುವ ಕೆಲಸವನ್ನು ಮೇ ತಿಂಗಳಿಗೆ ಇಟ್ಟುಕೊಂಡರೆ ಉಳಿದವಕ್ಕೆ ಒಣ ಗಾಳಿಯೂ ತಾಗಿದಂತಾಗುತ್ತದೆ, ಆದರೆ ನೆರಳಿನಲ್ಲಿ ಮಾತ್ರ, ನೇರ ಬಿಸಿಲಿಗೆ ಮಸಿ ಮಾಸುತ್ತದೆ. ಹಣ ಕಟ್ಟಿಯಾದ ಕರೆಂಟು ಬಿಲ್ಲುಗಳಲ್ಲಿ ಕೊನೆಯ ಒಂದು ವರ್ಷದವು ನಮಗೆ ಸಾಕು. ಕಂದಾಯದ ರಸೀದಿಯನ್ನು ಮಾತ್ರ ಒಂದನ್ನೂ ಎಸೆಯುವುದಿಲ್ಲ, ಸ್ವಾಧೀನದ ತಕರಾರು ಬಂದರೆ ಹಳೆಯ ರಸೀದಿಗಳೇ ನೆರವಿಗೆ ಬರುವುದು. ಆಧಾರ್ ಮತ್ತು ಪ್ಯಾನ್ ಪ್ರತಿಗಳನ್ನು ರದ್ದಿಗೆ ಹಾಕುವ ಬದಲು ಹರಿದು ಒಲೆಗೆ ಹಾಕುತ್ತೇವೆ.

ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿರುವ ತಂಗಿಗೆ ಜಮೀನಿನ ಕಾಗದಗಳ ಹೊರೆಯಿಲ್ಲ, ಮನೆ ಬದಲಿಸುವ ಕಷ್ಟವಿದೆ. ಅವಳಿಗೆ ಟ್ರಂಕೂ ಬೇಡ, ಬಾಕ್ಸ್ ಫೈಲೂ ಬೇಡ. ಬಾಡಿಗೆ ಕರಾರು, ಅಂಕಪಟ್ಟಿ, ಮಕ್ಕಳ ಲಸಿಕೆ ಕಾರ್ಡುಗಳಿಗೆ ಒಂದು ಗಟ್ಟಿ ಕವರು ಫೈಲು, ಉಳಿದದ್ದಕ್ಕೆ ಡಿಜಿಲಾಕರ್, ಅದರ ಜೊತೆಗೆ ಗಂಡನ ಫೋನಿನಲ್ಲಿಯೂ ಅವೇ ಪ್ರತಿಗಳು ಇದ್ದರೆ ಸಾಕೆಂಬುದು ನನ್ನ ಅಭಿಪ್ರಾಯ.