ಜೈಲಿನ ದಿನಚರಿ ಹಾಕುವ ತರಬೇತಿ: ಹೋಗಿ, ಆದರೆ ಮಳೆಗಾಲದ ಬಗ್ಗೆ ಕೇಳಿ

ಶಿವಮೊಗ್ಗದಲ್ಲಿ ಕಳೆದ ತಿಂಗಳು ಒಂದು ವಾರಾಂತ್ಯ ತರಬೇತಿ ಇತ್ತು. ಜೈಲಿನಲ್ಲಿರುವವರ ದಿನವನ್ನು ಹೇಗೆ ಯೋಜಿಸಬೇಕು, ಯಾವ ಚಟುವಟಿಕೆಗೆ ಎಷ್ಟು ಹೊತ್ತು ಕೊಡಬೇಕು ಅನ್ನೋದು ವಿಷಯ. ನಡೆಸಿದ್ದು ಹೊರಗಿನಿಂದ ಬಂದ ಒಂದು ಸಂಸ್ಥೆ, ಹೆಸರು ಬರೆಯುತ್ತಿಲ್ಲ. ಕೈದಿಗಳಿಗೆ ಅಕ್ಷರ ಕಲಿಸುವ ನಮ್ಮಂಥವರು, ಯೋಗ ಹೇಳಿಕೊಡುವವರು, ಸಮಾಜಕಾರ್ಯ ಓದುತ್ತಿರುವ ಹುಡುಗ ಹುಡುಗಿಯರು, ಒಬ್ಬ ನಿವೃತ್ತ ವಾರ್ಡರ್ ಬಂದಿದ್ದರು. ಊಟ ಚೆನ್ನಾಗಿತ್ತು, ಹಾಲ್ ಸ್ವಲ್ಪ ಇಕ್ಕಟ್ಟು.

ಮೊದಲ ದಿನದ ಅಭ್ಯಾಸ ತುಂಬಾ ಹಿಡಿಸಿತು. ಮೇಜಿನ ಉದ್ದಕ್ಕೂ ಕಾಗದದ ಪಟ್ಟಿ ಅಂಟಿಸಿ ಅದರಲ್ಲಿ 24 ಮನೆ ಗೀಚಿದ್ದರು. ನಮ್ಮ ಕೈಗೆ ಬಣ್ಣದ ಚೀಟಿ ಕೊಟ್ಟರು. ಕೆಂಪು ಚೀಟಿ ಅಂದರೆ ನಾವು ಯಾರೂ ಬದಲಿಸಲಾಗದ್ದು: ಬೆಳಗ್ಗೆ ಬೀಗ ತೆಗೆಯುವುದು, ಕೈದಿಗಳ ಎಣಿಕೆ, ತಿಂಡಿ, ಊಟ, ಸಂಜೆ ಮತ್ತೆ ಎಣಿಕೆ, ಮತ್ತೆ ಬೀಗ. ಅದನ್ನು ಮೊದಲು ಅಂಟಿಸಿ, ಆಮೇಲೆ ಉಳಿದ ಜಾಗ ನೋಡಿ ಅಂದರು. ಎಲ್ಲ ಗುಂಪುಗಳೂ ಬೆಳಗ್ಗೆ ಯೋಗ, ಹತ್ತಕ್ಕೆ ಪಾಠ, ಮಧ್ಯಾಹ್ನ ಹೊಲಿಗೆ ಅಂತ ಹಗಲನ್ನು ತುಂಬಿಸುತ್ತಾ ಹೋದವು. ಆ ನಿವೃತ್ತ ವಾರ್ಡರ್ ಎದ್ದು ಬಂದು ಪಟ್ಟಿಯ ಬಲತುದಿಯ ಮೇಲೆ ಅಂಗೈ ಇಟ್ಟರು. "ಆರಕ್ಕೆ ಬೀಗ ಬಿತ್ತು ಅಂತ ಇಟ್ಕೊಳ್ಳಿ. ಇಲ್ಲಿಂದ ಬೆಳಗ್ಗೆ ಆರರ ತನಕ ಏನಿಟ್ಟಿದೀರಿ?" ಹನ್ನೆರಡು ಮನೆ ಖಾಲಿ. ಎಂಟು ಗಂಟೆ ನಿದ್ದೆ ಬಂತು ಅಂದುಕೊಂಡರೂ ನಾಲ್ಕು ಗಂಟೆ ಉಳಿಯುತ್ತದೆ, ಜಗಳ, ಅಳು, ಮನೆಯ ಯೋಚನೆ ಎಲ್ಲಾ ಶುರುವಾಗೋದು ಆಗಲೇ ಅಂದರು ಅವರು. ನಮ್ಮ ದೇಶದ ಜೈಲುಗಳಲ್ಲಿ ಆಗುವ ಅಸಹಜ ಸಾವುಗಳಲ್ಲಿ ಆತ್ಮಹತ್ಯೆಯದೇ ದೊಡ್ಡ ಪಾಲು ಅನ್ನೋದು ಗೊತ್ತಿದ್ದವರು ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳೋದಿಲ್ಲ. ನನ್ನ ಮಟ್ಟಿಗೆ ಕಟ್ಟಿದ ಫೀಸು ಈ ಒಂದು ಅಭ್ಯಾಸಕ್ಕೇ ಸಂದಿತು.

ಕೆಲಸ ಹಂಚುವ ಬಗ್ಗೆ ಮಾಡಿದ ಪಾಠವೂ ಗಟ್ಟಿಯಾಗಿತ್ತು. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಜಾತಿ ನೋಡಿ ಒಬ್ಬರಿಗೆ ಅಡುಗೆ ಇನ್ನೊಬ್ಬರಿಗೆ ಕಸ ಗುಡಿಸುವುದು ಅಂತ ಕೈದಿಗಳಿಗೆ ಕೆಲಸ ಕೊಡುವುದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತಲ್ಲ, ಅದನ್ನು ಸುಮ್ನೆ ಓದಿ ಮುಗಿಸಲಿಲ್ಲ. ಒಂದು ಬ್ಯಾರಕ್‌ನ ಪಾಳಿ ಪಟ್ಟಿಯನ್ನೇ ನಮ್ಮಿಂದ ಬರೆಸಿದರು. ಅಡುಗೆ, ತೋಟ, ಶೌಚಾಲಯ, ಲೈಬ್ರರಿ ಎಲ್ಲವೂ ಸರದಿಯಲ್ಲಿ ಎಲ್ಲರಿಗೂ ಬರಬೇಕು. ಯಾರ ಹೆಸರೂ ಒಂದೇ ಕೆಲಸದ ಮುಂದೆ ತಿಂಗಳುಗಟ್ಟಲೆ ನಿಲ್ಲಬಾರದು.

ಇನ್ನು ನನಗೆ ಸರಿ ಕಾಣದ್ದು.

ಅವರ ಮಾದರಿ ವೇಳಾಪಟ್ಟಿ ಬಯಲು ಸೀಮೆಯ ಬಿಸಿಲಿಗೆ ಬರೆದದ್ದು. ಬೆಳಗ್ಗೆ ಅಂಗಳದಲ್ಲಿ ಕವಾಯತು, ಸಂಜೆ ವಾಲಿಬಾಲ್, ನಡುವೆ ತರಕಾರಿ ತೋಟ. ಕೈದಿಗಳನ್ನು ಹೇಗೆ ನಡೆಸಿಕೊಳ್ಳಬೇಕು ಅಂತ ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಮಂಡೇಲಾ ನಿಯಮಗಳಲ್ಲಿ, ಹೊರಗಿನ ಕೆಲಸ ಇಲ್ಲದ ಪ್ರತಿ ಕೈದಿಗೂ ದಿನಕ್ಕೆ ಕಡಿಮೆ ಅಂದರೂ 1 ಗಂಟೆ ಬಯಲಿನಲ್ಲಿ ವ್ಯಾಯಾಮ ಸಿಗಬೇಕು ಅಂತಿದೆ. ಜೊತೆಗೇ ಹವಾಮಾನ ಅನುವು ಮಾಡಿಕೊಟ್ಟರೆ ಅನ್ನುವ ಮಾತೂ ಇದೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಎಷ್ಟು ದಿನ ಬಿಡುತ್ತೆ ಹೇಳಿ? ಶಿವಮೊಗ್ಗ ಪೇಟೆ, ಸೆಂಟ್ರಲ್ ಜೈಲಿರುವ ಸೋಗಾನೆ ಕಡೆ ಆಗುಂಬೆಯಷ್ಟು ಮಳೆ ಇಲ್ಲ, ನಿಜ. ಆದರೂ ಜುಲೈನಲ್ಲಿ ಜಡಿ ಹಿಡಿದರೆ ಅಂಗಳದ ಕಾರ್ಯಕ್ರಮ ಅಷ್ಟೂ ಬಿದ್ದುಹೋಗುತ್ತದೆ, ಅದರ ಜಾಗಕ್ಕೆ ಬೇರೆ ಬರೆದಿಡದಿದ್ದರೆ ಮಂದಿ ಹಗಲೂ ಒಳಗೇ ಕೂರುತ್ತಾರೆ. ಮಳೆಗಾಲಕ್ಕೆ ಬೇರೆ ಪಟ್ಟಿ ಇದೆಯಾ ಅಂತ ಕೇಳಿದೆ. ಸ್ಥಳೀಯವಾಗಿ ಹೊಂದಿಸಿಕೊಳ್ಳಿ ಅಂದರು. ಅದನ್ನು ಕಲಿಯೋಕೇ ಬಂದಿದ್ದಲ್ವಾ ನಾವು?

ಸಾಗರದ ಕಡೆಯ ಗುಂಪು ಇದಕ್ಕೆ ಒಳ್ಳೆಯ ಉತ್ತರ ಕೊಟ್ಟಿತ್ತು. ಬೀಗ ಬಿದ್ದ ಮೇಲಿನ ಮನೆಯಲ್ಲಿ ತಾಳಮದ್ದಳೆ (ಕೂತಲ್ಲೇ ಹಾಡು, ಮಾತಿನಲ್ಲಿ ನಡೆಸುವ ಯಕ್ಷಗಾನ) ಅಂತ ಚೀಟಿ ಅಂಟಿಸಿದ್ದರು. ತರಬೇತುದಾರರು ಅದನ್ನು ಕಿತ್ತು ಭಾನುವಾರದ ಮನರಂಜನೆಗೆ ಹಾಕಿದರು. ಇದಕ್ಕೆ ನನ್ನ ತಕರಾರಿದೆ. ಯಕ್ಷಗಾನದ ಮೇಳಗಳು ಮಳೆಗಾಲದಲ್ಲಿ ತಿರುಗಾಟ ನಿಲ್ಲಿಸಿದಾಗ ಮನೆಯ ಜಗಲಿಯಲ್ಲಿ ಕೂತು ಮಾಡುತ್ತಾ ಬಂದದ್ದು ತಾಳಮದ್ದಳೆ. ವೇಷ ಬೇಡ, ಕುಣಿತ ಬೇಡ, ರಂಗಸ್ಥಳ ಬೇಡ. ಚಂಡೆ ಮದ್ದಳೆಗೆ ಅನುಮತಿ ಸಿಗದಿದ್ದರೂ ಒಬ್ಬರು ಪದ ಹೇಳಿ ಇಬ್ಬರು ಎದುರುಬದುರು ಕೂತು ಅರ್ಥ ಹೇಳಬಹುದು. ಓದು ಬರಹ ಬಾರದವನೂ ಕರ್ಣನ ಪಕ್ಷ ಹಿಡಿದು ವಾದ ಮಾಡಬಹುದು, ಎದುರಿನವನು ಮುಗಿಸುವ ತನಕ ಕೇಳಿಸಿಕೊಳ್ಳಲೇಬೇಕು, ಕೈ ಎತ್ತದೆ ಮಾತಿನಲ್ಲೇ ಉತ್ತರ ಕೊಡಬೇಕು. ಬ್ಯಾರಕ್‌ನ ಸಂಜೆಗೆ ಇದಕ್ಕಿಂತ ಹೊಂದುವ ಚಟುವಟಿಕೆ ನನಗಂತೂ ಹೊಳೆಯುತ್ತಿಲ್ಲ. ಮೈಸೂರು ಜೈಲಿನ ಕೈದಿಗಳಿಂದ ರಂಗನಿರ್ದೇಶಕ ಹುಲಗಪ್ಪ ಕಟ್ಟೀಮನಿ ನಾಟಕ ಆಡಿಸಿ ತೋರಿಸಿದ್ದಾರೆ, ಹಾಗಾಗಿ ಇದು ಆಗದ ಮಾತು ಅಂತ ಯಾರೂ ಹೇಳುವಂತಿಲ್ಲ.

ಇನ್ನೊಂದು ದೊಡ್ಡ ಕೊರತೆ. ದೇಶದ ಜೈಲುಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಜನ ವಿಚಾರಣಾಧೀನರು. ಶಿಕ್ಷೆ ಆಗಿಲ್ಲ, ಹಾಗಾಗಿ ಕೆಲಸ ಮಾಡು ಅಂತ ಒತ್ತಾಯಿಸುವಂತಿಲ್ಲ. ನಾಳೆ ಜಾಮೀನು ಸಿಗಬಹುದು, ವರ್ಷ ಕಳೆದರೂ ಸಿಗದಿರಬಹುದು. ತರಬೇತಿಯ ಕೈಪಿಡಿಯಲ್ಲಿರೋದೆಲ್ಲ ವಾರಗಟ್ಟಲೆ ನಡೆಯುವ ಕೋರ್ಸ್. ಕೋರ್ಟ್ ತಾರೀಖಿಗೆ ಹೋಗಿ ಬಂದವನಿಗೆ ನಡುವಿನ ಪಾಠ ತಪ್ಪಿರುತ್ತದೆ, ಮತ್ತೆ ಕೂರಲು ಮನಸ್ಸು ಬರೋದಿಲ್ಲ. ಅವರಿಗೆ ಬೇಕಾದದ್ದು ಒಂದೇ ದಿನಕ್ಕೆ ಮುಗಿಯುವ ಪಾಠ: ಇವತ್ತು ಸಹಿ ಹಾಕೋದು, ನಾಳೆ ಮನೆಗೆ ಕಾಗದ ಬರೆಯೋದು, ನಾಡಿದ್ದು ಜಾಮೀನು ಅರ್ಜಿಯಲ್ಲಿ ಏನಿರುತ್ತೆ ಅಂತ ಓದಿಸೋದು. ಅಡಿಕೆ ಹಾಳೆಯ ತಟ್ಟೆ ಮಾಡೋದನ್ನೂ ಹೀಗೇ ಬೇಗ ಕಲಿಸಬಹುದು, ಹೊರಗೆ ಬಂದ ಮೇಲೆ ನಮ್ಮೂರಲ್ಲಿ ಅದಕ್ಕೆ ಕೆಲಸವೂ ಇದೆ.

ಮಹಿಳಾ ವಿಭಾಗದ ಬಗ್ಗೆ ಅರ್ಧ ಪುಟ ಮಾತ್ರ. 6 ವರ್ಷದವರೆಗಿನ ಮಕ್ಕಳು ತಾಯಿಯ ಜೊತೆ ಒಳಗಿರಬಹುದು ಅಂತ ನಿಯಮ ಇರುವಾಗ ಮಗುವಿನ ದಿನಚರಿಗೆ ಒಂದು ಚೀಟಿಯೂ ಇರಲಿಲ್ಲ. ಕೈಪಿಡಿಯ ಕನ್ನಡವೂ ತೊಡಕು, ನಮ್ಮ ಜೊತೆ ಕೂತ ಹುಡುಗರು ಪುಟ ತಿರುವಿ ಮಡಚಿಟ್ಟರು.

5ಕ್ಕೆ 3.5 ಕೊಡುತ್ತೇನೆ. ಜೈಲಿನಲ್ಲಿ ಪಾಠ, ಯೋಗ, ಸಂಗೀತ ಏನೇ ಹೇಳಿಕೊಡಲು ಹೊರಟವರು ಒಮ್ಮೆ ಹೋಗಿ. ಮಳೆಗಾಲದ ಪಟ್ಟಿ, ವಿಚಾರಣಾಧೀನರ ಪಾಠ ಎರಡನ್ನೂ ಮೊದಲ ದಿನವೇ ಕೇಳಿ, ಬಿಡಬೇಡಿ. ನಿಮ್ಮ ಜಿಲ್ಲೆಯ ಜೈಲಿನಲ್ಲಿ ಬೀಗ ತೆಗೆಯುವ, ಹಾಕುವ ಸಮಯವನ್ನು ಮುಂಚೆಯೇ ವಿಚಾರಿಸಿಕೊಂಡು ಹೋದರೆ ಕೆಂಪು ಚೀಟಿ ಅಂಟಿಸುವಾಗ ಅನುಕೂಲ.