ಕಾವಳದ ಬೆಳಗಿಗೆ ಮೊಬೈಲೋ ಕ್ಯಾಮೆರಾವೋ: ಮಡಿಕೇರಿಯ ಮನೆಯಂಗಳದಿಂದ ಒಂದು ಹೋಲಿಕೆ

ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿರುವ ಮಡಿಕೇರಿಯ ಆಸುಪಾಸಿನಲ್ಲಿ, ಡಿಸೆಂಬರ್-ಜನವರಿಯ ಮೋಡವಿಲ್ಲದ ರಾತ್ರಿಗಳಲ್ಲಿ ನೆಲವು ಶಾಖ ಕಳೆದುಕೊಂಡು ತಣ್ಣಗಾಗುತ್ತದೆ. ಅದಕ್ಕೆ ತಾಗಿದ ಗಾಳಿಯೂ ತಂಪಾಗಿ ಇಳಿಜಾರಿನಲ್ಲಿ ಜಾರಿ ಕಣಿವೆಯಲ್ಲಿ ಕಾವಳವಾಗಿ ನಿಲ್ಲುತ್ತದೆ. ಬಿಸಿಲು ಬಿದ್ದು ನೆಲ ಕಾಯತೊಡಗಿದ ಮೇಲೆ ಅದು ಮೇಲೆದ್ದು, ಕಾಫಿ ಒಣಗಿಸುವ ಕಣವನ್ನೂ ಸಿಲ್ವರ್ ಓಕ್ ಮರಗಳ ಸಾಲನ್ನೂ ಮುಚ್ಚಿ, ಕೆಲವೇ ನಿಮಿಷಗಳಲ್ಲಿ ಮತ್ತೆ ತೆರೆದುಬಿಡುತ್ತದೆ. ಈ ಆಟವನ್ನು ಮನೆಯಂಗಳದಿಂದಲೇ ಚಿತ್ರಿಸಲು ಮೊಬೈಲನ್ನೂ, ದೂರದ್ದನ್ನು ಹತ್ತಿರ ತೋರಿಸುವ 70-200 ಮಿ.ಮೀ. ಲೆನ್ಸ್ ಹಾಕಿದ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ, ಲೆನ್ಸ್ ಬದಲಿಸಬಹುದಾದ) ಕ್ಯಾಮೆರಾವನ್ನೂ ಚಳಿಗಾಲದುದ್ದಕ್ಕೂ ಜೊತೆಜೊತೆಯಾಗಿ ಬಳಸಿ ನೋಡಿದ್ದೇನೆ.

ಬೇಗ ಬದಲಾಗುವ ಹವಾಮಾನಕ್ಕೆ ಬೇಗ ಕೈಗೆ ಸಿಗುವ ಮೊಬೈಲೇ ಸರಿ ಎಂಬ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಮೊಬೈಲ್ ಒಂದು ಚಿತ್ರಕ್ಕಾಗಿ ಹಲವು ಫ್ರೇಮುಗಳನ್ನು ತೆಗೆದು ಬೆಸೆದು, ಮಬ್ಬಾಗಿರುವಲ್ಲಿ ಕಾಂಟ್ರಾಸ್ಟ್, ಅಂದರೆ ಕಪ್ಪು-ಬಿಳುಪಿನ ಅಂತರ, ಏರಿಸುತ್ತದೆ. ಅಂದರೆ ನಾವು ಯಾವುದಕ್ಕಾಗಿ ಚಳಿಯಲ್ಲಿ ಎದ್ದು ಬಂದೆವೋ ಆ ಕಾವಳವನ್ನೇ ದೋಷವೆಂದು ಬಗೆದು ತೆಳುವಾಗಿಸುತ್ತದೆ. ಸೂರ್ಯೋದಯಕ್ಕೆ ಮೊದಲು ನೈಟ್ ಮೋಡ್ ತಾನಾಗಿಯೇ ಚಾಲೂ ಆದರೆ, ಬೆಳಕು ಸಂಗ್ರಹಿಸುವ ಆ ಕೆಲವು ಸೆಕೆಂಡುಗಳಲ್ಲಿ ಚಲಿಸುವ ಮಂಜಿನ ಅಂಚು ಕಲಸಿಹೋಗುತ್ತದೆ. ಬಿಳಿಯನ್ನು ಬಿಳಿಯಾಗಿ ತೋರಿಸಲು ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ ಸಹ ಚಿತ್ರದಿಂದ ಚಿತ್ರಕ್ಕೆ ಬದಲಾಗುವುದರಿಂದ, ಬಣ್ಣದ ವ್ಯತ್ಯಾಸ ಬೆಳಕಿನದೋ ಯಂತ್ರದ್ದೋ ಎಂದು ಆಮೇಲೆ ತಿಳಿಯುವುದಿಲ್ಲ. ಎಲ್ಲವನ್ನೂ ನಾವೇ ಹೊಂದಿಸುವ ಪ್ರೊ ಮೋಡ್‌ನಲ್ಲಿ ವೈಟ್ ಬ್ಯಾಲೆನ್ಸನ್ನು ಹಗಲುಬೆಳಕಿನ ಮಟ್ಟವಾದ 5500 ಕೆಲ್ವಿನ್‌ಗೆ ಕಟ್ಟಿ, ಯಂತ್ರ ತಿದ್ದದ ರಾ ಫೈಲ್ ತೆಗೆದರೆ ಈ ತೊಂದರೆಗಳಲ್ಲಿ ಹೆಚ್ಚಿನವು ನಿವಾರಣೆಯಾಗುತ್ತವೆ. ಅಂಗಳ, ಕಣ, ಬೇಲಿಯ ಮೇಲಿನ ಇಬ್ಬನಿ ಹೊತ್ತ ಜೇಡರಬಲೆ, ಇಂಥ ಹತ್ತಿರದ ವಸ್ತುಗಳಿಗೆ ಹೀಗೆ ಹದಗೊಳಿಸಿದ ಮೊಬೈಲ್ ಸಾಲದು ಎನ್ನಲಾರೆ.

ಕಣಿವೆಯತ್ತ ತಿರುಗಿದೊಡನೆ ಸ್ಥಿತಿ ಬೇರೆಯಾಗುತ್ತದೆ. ಒಂದರ ಹಿಂದೊಂದು ನಿಂತ ಬೆಟ್ಟಸಾಲುಗಳನ್ನೂ ಅವುಗಳ ನಡುವೆ ತುಂಬಿದ ಬಿಳುಪನ್ನೂ ಬಿಡಿಸಿ ತೋರಿಸಲು ದೂರದ ಲೆನ್ಸ್ ಬೇಕು. ಹಲವು ಮೊಬೈಲುಗಳು ಬೆಳಕು ಕಡಿಮೆಯಿದ್ದಾಗ ತಮ್ಮ ಟೆಲಿ ಲೆನ್ಸನ್ನು ಬಿಟ್ಟು, ಮುಖ್ಯ ಲೆನ್ಸಿನ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸಿಕೊಡುತ್ತವೆ, ಅದನ್ನು ನಮಗೆ ಹೇಳುವುದೂ ಇಲ್ಲ. ಕ್ಯಾಮೆರಾ ಇಲ್ಲಿ ನಿಚ್ಚಳವಾಗಿ ಮುಂದಿದೆ, ಆದರೆ ಅದನ್ನೂ ಆಟೋಗೆ ಬಿಡುವಂತಿಲ್ಲ. ದೃಶ್ಯವೆಲ್ಲ ನಡುಮಟ್ಟದ ಬೂದುಬಣ್ಣವೆಂದು ಭಾವಿಸುವ, ಬೆಳಕು ಅಳೆಯುವ ಮೀಟರ್ ಬಿಳಿ ಕಾವಳವನ್ನು ಕೊಳೆಬಣ್ಣಕ್ಕೆ ಇಳಿಸುವುದರಿಂದ, ಎಕ್ಸ್‌ಪೋಶರನ್ನು (ಚಿತ್ರಕ್ಕೆ ಬೀಳುವ ಬೆಳಕನ್ನು) ಮುಕ್ಕಾಲು ಸ್ಟಾಪಿನಷ್ಟು, ಕೆಲವೊಮ್ಮೆ ಪೂರ್ತಿ ಒಂದು ಸ್ಟಾಪ್ (ಅಂದರೆ ಇಮ್ಮಡಿ) ಏರಿಸಿ, ಬೆಳಕಿನ ಹಂಚಿಕೆ ತೋರಿಸುವ ನಕ್ಷೆಯಾದ ಹಿಸ್ಟೋಗ್ರಾಮಿನ ಬಲತುದಿ, ಅಂದರೆ ಅತಿ ಬೆಳಗಿನ ಭಾಗ, ಕತ್ತರಿಸದಂತೆ ನೋಡಿಕೊಳ್ಳಬೇಕು. ಆಟೋಫೋಕಸ್‌ಗೆ ಹಿಡಿಯಲು ಅಂಚೇ ಸಿಗದೆ ಲೆನ್ಸ್ ಹಿಂದೆಮುಂದೆ ತಡಕಾಡುತ್ತದೆ; ದೂರದ ಮರದ ಕಾಂಡವೊಂದು ಕಾಣಿಸಿದಾಗ ಅದರ ಮೇಲೆ ಫೋಕಸ್ ಮಾಡಿ, ತಕ್ಷಣ ಮ್ಯಾನುಯಲ್‌ಗೆ ಬದಲಿಸಿಕೊಳ್ಳುವುದೇ ಉಪಾಯ. ತೇವದ ವಿಷಯದಲ್ಲಿ ಮಾತ್ರ ಮೊಬೈಲ್ ಸುಖ: ಅದನ್ನು ಪಂಚೆಯ ಅಂಚಿನಲ್ಲಿ ಒರೆಸಿದರೂ ನಡೆಯುತ್ತದೆ. ತಣ್ಣಗಾದ ಕ್ಯಾಮೆರಾವನ್ನು ನೇರ ಅಡುಗೆಮನೆಯ ಬೆಚ್ಚಗಿನ ಗಾಳಿಗೆ ತಂದರೆ ಗಾಜಿನ ಮೇಲೆ ನೀರು ಕಟ್ಟುತ್ತದೆ, ಆದ್ದರಿಂದ ಹೊರಗೇ ಚೀಲಕ್ಕೆ ಹಾಕಿ ಮುಚ್ಚಿ ಒಳಗೆ ತರಬೇಕು.

ಬಿಟ್ಟುಬಿಟ್ಟು ತೆಗೆದ ಚಿತ್ರಗಳನ್ನು ಜೋಡಿಸಿ ವೇಗವಾಗಿ ಓಡಿಸುವ ಟೈಮ್‌ಲ್ಯಾಪ್ಸ್‌ಗೆ ಎರಡೂ ಆಗುತ್ತವೆ. ಐದು ಸೆಕೆಂಡಿಗೊಂದರಂತೆ ಒಂದು ಗಂಟೆ ತೆಗೆದರೆ 720 ಚಿತ್ರಗಳಾಗಿ, ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಅರ್ಧ ನಿಮಿಷದ ವಿಡಿಯೋ ಸಿಗುತ್ತದೆ. ಮೊಬೈಲ್ ಅದನ್ನು ಸಿದ್ಧ ವಿಡಿಯೋ ಆಗಿಯೇ ಕೊಡುವುದು ಅನುಕೂಲ, ಕ್ಯಾಮೆರಾ ಪ್ರತಿಯೊಂದನ್ನೂ ಬಿಡಿ ಚಿತ್ರವಾಗಿ ಉಳಿಸುವುದು ಲಾಭ.

ಹೊಸದಾಗಿ ಹಣ ಹಾಕುವವರಿಗೆ ನನ್ನ ಸಲಹೆ ಇಷ್ಟು: ಕಾವಳದ ಚಿತ್ರಕ್ಕೆ ಸೆಕೆಂಡಿಗೆ ಹತ್ತಾರು ಫ್ರೇಮಿನ ವೇಗವೇನೂ ಬೇಕಿಲ್ಲವಾದ್ದರಿಂದ, ದುಬಾರಿ ಮೊಬೈಲಿನ ಬದಲು ಹಳೆಯ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ ಕ್ಯಾಮೆರಾ), ಸೆಕೆಂಡ್‌ಹ್ಯಾಂಡ್ ಟೆಲಿಜೂಮ್ ಲೆನ್ಸ್ ಮತ್ತು ಗಾಳಿಗೆ ಅಲುಗದ ಟ್ರೈಪಾಡ್ ಕೊಳ್ಳುವುದು ಮೇಲು.