ಒಂದೇ ಲೈನು, ಎರಡು ವಿಪಿಎನ್: ವಿಜಯಪುರದ ಮನೆಯಲ್ಲಿ ಹೋಲಿಸಿ ನೋಡಿದ್ದು

ವಿಪಿಎನ್ (ಮನೆಯಿಂದ ಆಫೀಸಿನ ಜಾಲಕ್ಕೆ ಗುಟ್ಟಾಗಿ ಜೋಡಿಸುವ ಇಂಟರ್ನೆಟ್ ಸುರಂಗ) ನಿಧಾನವಾಯಿತು ಎಂದರೆ ನಮ್ಮ ಕಡೆ ಬಹಳ ಮಂದಿ ನೇರ ದೊಡ್ಡ ಪ್ಲಾನಿಗೆ ದುಡ್ಡು ಕಟ್ಟುತ್ತಾರೆ. ಅದನ್ನು ಕಡೆಗೆ ಇಟ್ಟುಕೊಳ್ಳಿ. ಮೊದಲು ಪ್ರೋಟೊಕಾಲ್, ಅಂದರೆ ಡೇಟಾ ಸಾಗಿಸುವ ಕ್ರಮ, ನೋಡಿ, ಆಮೇಲೆ ವೈಫೈ.

ನಮ್ಮದು ವಿಜಯಪುರದ ಹಳೇ ಓಣಿಯ ಮನೆ. 100 ಎಂಬಿಪಿಎಸ್ ಫೈಬರ್ ಲೈನು ಒಂದೇ, ಅದರ ಮೇಲೆ ದುಡಿಯುವವರು ಇಬ್ಬರು. ನನ್ನ ಆಫೀಸಿನವರು ಕೊಟ್ಟಿದ್ದು ವೈರ್‌ಗಾರ್ಡ್, ತಂಗಿಯ ಪುಣೆ ಕಂಪನಿಯದು ಓಪನ್‌ವಿಪಿಎನ್; ಎರಡೂ ವಿಪಿಎನ್ ತಂತ್ರಾಂಶಗಳೇ. "ಅಣ್ಣಾ, ನಿಂದು ಫೈಲ್ ಹೋಗತೈತಿ, ನಂದ್ಯಾಕ ಹೋಗವಲ್ದು?" ಅಂತ ಅವಳು ದಿನಾ ಕೇಳುತ್ತಿದ್ದಳು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಅಳೆಯುತ್ತ ಹೋದೆವು.

ಅಳೆಯುವುದರಲ್ಲೂ ಒಂದು ಎಚ್ಚರ ಬೇಕು. ಲೈನ್ ನೋಡಲು ಬಂದ ಹುಡುಗ ಮೊಬೈಲಿನಲ್ಲಿ ಸ್ಪೀಡ್ ಟೆಸ್ಟ್ ಹಚ್ಚಿ, "ಸರ, ನೋಡ್ರಿ, ಪೂರಾ ನೂರು ಬರಾಕತ್ತೈತಿ" ಎಂದ. ಅದು ನಿಜವೇ. ಆದರೆ ಅಂಥ ಟೆಸ್ಟು ಹತ್ತಿರದ ಸರ್ವರನ್ನು ಆರಿಸಿಕೊಳ್ಳುತ್ತದೆ, ಎಷ್ಟೋ ಸಲ ಅದು ಇಂಟರ್ನೆಟ್ ಕೊಡುವವರ ಜಾಲದೊಳಗೇ ಇರುತ್ತದೆ. ಪುಣೆಗೆ ಹೋಗುವ ದಾರಿಯ ಸುದ್ದಿ ಅದರಲ್ಲಿ ಸಿಗುವುದಿಲ್ಲ. ಆದ್ದರಿಂದ ಸ್ಪೀಡ್ ಟೆಸ್ಟಿಗಿಂತ, ಆಫೀಸಿನ ಸರ್ವರಿನಿಂದ ಒಂದೇ ದೊಡ್ಡ ಫೈಲನ್ನು ಬೆಳಿಗ್ಗೆ ಒಮ್ಮೆ, ರಾತ್ರಿ ಊಟದ ಹೊತ್ತಿಗೆ ಒಮ್ಮೆ ಇಳಿಸಿ ನೋಡುವುದೇ ನಂಬಿಕೆಯ ಅಳತೆ.

ತಂಗಿಯ ಲ್ಯಾಪ್‌ಟಾಪಿನಲ್ಲಿದ್ದ ಸೆಟ್ಟಿಂಗು ಟಿಸಿಪಿ (ಡೇಟಾ ತಲುಪಿತೇ ಎಂದು ಖಚಿತಪಡಿಸಿಕೊಳ್ಳುತ್ತ ಸಾಗಿಸುವ ಕ್ರಮ), ಪೋರ್ಟ್ (ಡೇಟಾ ಹೋಗಿಬರುವ ಬಾಗಿಲಿನ ಸಂಖ್ಯೆ) 443. ಹೋಟೆಲು, ಕಾಲೇಜುಗಳಲ್ಲಿ ಉಳಿದ ಪೋರ್ಟುಗಳನ್ನು ಮುಚ್ಚಿರುತ್ತಾರೆ, ಅಲ್ಲಿ ಇದು ದಾಟಿಕೊಂಡು ಹೋಗುತ್ತದೆ ಎಂದು ಐಟಿಯವರಿಗೆ ಇದರ ಮೇಲೆ ಒಲವು. ಮನೆಯಲ್ಲಿ ಮಾತ್ರ ಇದೇ ಕಾಲಿಗೆ ತೊಡಕು. ಟಿಸಿಪಿಯ ಸ್ವಭಾವವೇನೆಂದರೆ, ಒಂದು ಪ್ಯಾಕೆಟ್ (ಡೇಟಾದ ಚಿಕ್ಕ ತುಣುಕು) ಕಳೆದರೆ ಮತ್ತೆ ಕಳಿಸುತ್ತದೆ, ಜೊತೆಗೆ ವೇಗ ತಗ್ಗಿಸುತ್ತದೆ. ಸುರಂಗದ ಒಳಗೆ ಓಡುವ ಫೈಲೂ ಹೆಚ್ಚಾಗಿ ಟಿಸಿಪಿಯದೇ. ವೈಫೈನಲ್ಲಿ ಒಂದು ಪ್ಯಾಕೆಟ್ ಬಿದ್ದಿತೋ, ಹೊರಗಿನ, ಅಂದರೆ ಸುರಂಗದ, ಟಿಸಿಪಿ ಅದನ್ನು ಮತ್ತೆ ತರುವ ತನಕ ಹಿಂದಿನದೆಲ್ಲ ನಿಲ್ಲುತ್ತದೆ. ಆ ತಡ ಕಂಡ ಒಳಗಿನ ಟಿಸಿಪಿಯೂ ಪ್ಯಾಕೆಟ್ ಕಳೆಯಿತೆಂದು ತಿಳಿದು ಮತ್ತೊಂದು ಪ್ರತಿ ಕಳಿಸುತ್ತದೆ. ಸೇತುವೆ ಮೇಲೆ ಕಬ್ಬಿನ ಟ್ರ್ಯಾಕ್ಟರ್ ಕೆಟ್ಟು ನಿಂತಾಗ ಹಿಂದಿನಿಂದ ಇನ್ನೊಂದು ಟ್ರ್ಯಾಕ್ಟರ್ ಬಿಟ್ಟ ಹಾಗೆ.

ಆ ಸೆಟ್ಟಿಂಗನ್ನೇ ಯುಡಿಪಿ, ಪೋರ್ಟ್ 1194ಕ್ಕೆ ಬದಲಿಸಿದೆವು; ಯುಡಿಪಿ ಕಳೆದ ಪ್ಯಾಕೆಟ್ಟಿಗಾಗಿ ಕಾಯದೆ ಕಳಿಸುತ್ತ ಹೋಗುತ್ತದೆ. 15 ಎಂಬಿಪಿಎಸ್‌ನ ಆಸುಪಾಸಿನಲ್ಲಿ ತೆವಳುತ್ತಿದ್ದ ಫೈಲು 45ರ ಹತ್ತಿರ ಬಂತು. ಖರ್ಚು ಏನೂ ಇಲ್ಲ, ಐಟಿಯವರಿಗೆ ಒಂದು ಮೇಲ್ ಬರೆದು ಬೇರೆ ಪ್ರೊಫೈಲ್ (ಸೆಟ್ಟಿಂಗಿನ ಫೈಲು) ತರಿಸಿಕೊಂಡದ್ದಷ್ಟೇ.

ನನ್ನ ವೈರ್‌ಗಾರ್ಡ್ ಅದೇ ಜಾಗದಲ್ಲಿ 80 ದಾಟುತ್ತಿತ್ತು. ಇದು ಯುಡಿಪಿ ಬಿಟ್ಟು ಬೇರೆಯದನ್ನು ಬಳಸುವುದೇ ಇಲ್ಲ. 2020ರ ಮಾರ್ಚಿನಲ್ಲಿ ಬಂದ ಲಿನಕ್ಸ್ 5.6ರಿಂದ ಕರ್ನಲ್ಲಿನೊಳಗೇ, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿನೊಳಗೇ, ಕುಳಿತಿದೆ. ಹಳೆಯ ಮಾದರಿಯ ಓಪನ್‌ವಿಪಿಎನ್‌ನಲ್ಲಿ ಪ್ರತಿ ಪ್ಯಾಕೆಟ್ಟೂ ಕರ್ನಲ್ಲಿಗೂ ಪ್ರೋಗ್ರಾಮಿಗೂ ನಡುವೆ ಓಡಾಡಬೇಕು, ಕೆಲಸವೂ ಪ್ರೊಸೆಸರಿನ ಒಂದೇ ಕೋರಿನ ತಲೆಗೆ. 2023ರ 2.6 ಆವೃತ್ತಿಯಲ್ಲಿ ಈ ಭಾರವನ್ನು ಕರ್ನಲ್ಲಿಗೆ ಇಳಿಸುವ ಸೌಲಭ್ಯ ಬಂದಿದೆ; ನಿಮ್ಮ ಆಫೀಸಿನವರು ಹಾಕಿಕೊಂಡಿದ್ದಾರೋ ಕೇಳಿ. ವಿಪಿಎನ್ನನ್ನು ಅಗ್ಗದ ರೂಟರಿನಲ್ಲೇ ಓಡಿಸುವ ಆಲೋಚನೆಯಿದ್ದರೆ ಬಿಟ್ಟುಬಿಡಿ. ಅದರ ಪ್ರೊಸೆಸರು ಓಪನ್‌ವಿಪಿಎನ್ನಿನ ಗೂಢಲಿಪಿ ಲೆಕ್ಕಕ್ಕೆ ಸಾಲದು, ಲ್ಯಾಪ್‌ಟಾಪೇ ಮೇಲು.

ಇನ್ನು ವೈಫೈ ಮತ್ತು ತಂತಿ. ನಮ್ಮ ಮನೆಯ ಗೋಡೆಗಳು ದಪ್ಪ ಕಲ್ಲಿನವು. ರೂಟರ್ ಪಡಸಾಲೆಯಲ್ಲಿ, ತಂಗಿ ಕೂರುವುದು ಒಳಗಿನ ಖೋಲಿಯಲ್ಲಿ. ವೈಫೈನ 5 ಗಿಗಾಹರ್ಟ್ಸ್ ಅಲೆ ಆ ಗೋಡೆ ದಾಟುವಷ್ಟರಲ್ಲಿ ಸೋತಿರುತ್ತದೆ. 2.4 ದಾಟುತ್ತದೆ, ಆದರೆ ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ, ಓಣಿಯ ಎಲ್ಲ ಮನೆಗಳೂ ಅವುಗಳಲ್ಲೇ ತುಂಬಿವೆ. ಜಂತಿಯ ಗುಂಟ ಒಂದು ಕ್ಯಾಟ್ 6 ತಂತಿ ಎಳೆದೆವು. ನನ್ನ ವೇಗ ಸ್ವಲ್ಪವೇ ಏರಿತು. ಅವಳದು, ಅದರಲ್ಲೂ ಹಳೇ ಟಿಸಿಪಿ ಸೆಟ್ಟಿಂಗಿನಲ್ಲಿ ಮತ್ತೆ ಹಾಕಿ ನೋಡಿದಾಗ, ದುಪ್ಪಟ್ಟಿಗೂ ಹೆಚ್ಚಾಯಿತು. ಪ್ಯಾಕೆಟ್ ಕಳೆಯುವುದು ನಿಂತರೆ ಟಿಸಿಪಿಯ ನರಳಾಟವೂ ನಿಲ್ಲುತ್ತದೆ ಎನ್ನುವುದು ಇಲ್ಲಿ ಖಾತ್ರಿಯಾಯಿತು. ಹೀಗಾಗಿ ಪ್ರೊಫೈಲ್ ಬದಲಿಸಲು ಆಫೀಸು ಒಪ್ಪದವರಿಗೆ ತಂತಿಯೇ ಗತಿ.

ಚಿಕ್ಕ ಪುಟಗಳು ತೆರೆದು, ದೊಡ್ಡ ಫೈಲು ಮಾತ್ರ ನಡುವೆ ನಿಂತುಬಿಡುತ್ತಿದ್ದರೆ ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಅಳತೆ, ನೋಡಿ. ಸಾಮಾನ್ಯ ಲೈನಿನಲ್ಲಿ ಅದು 1500 ಬೈಟ್, ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಜೋಡಿಸುವ ಬಗೆ) ಇದ್ದರೆ 1492. ವೈರ್‌ಗಾರ್ಡ್ ತನ್ನದೇ ಹೊದಿಕೆಗೆ 80 ಬೈಟ್ ತೆಗೆದಿಟ್ಟು 1420 ಇಟ್ಟುಕೊಳ್ಳುತ್ತದೆ. ಪಿಪಿಪಿಒಇ ಲೈನಿನಲ್ಲಿ ನಾನು 1412 ಮಾಡಿದೆ, ತೊಂದರೆ ಹೋಯಿತು.

ಪ್ಲಾನನ್ನು 300ಕ್ಕೆ ಏರಿಸಿಯೂ ನೋಡಿದೆವು. ಟಿಸಿಪಿ ಸುರಂಗ ಜಗ್ಗಲಿಲ್ಲ. ಹೆಚ್ಚಿನ ವೇಗದ ಉಪಯೋಗ ಕಂಡದ್ದು ಮಕ್ಕಳ ವಿಡಿಯೋಗಳಿಗೆ, ಅದಕ್ಕಷ್ಟು ದುಡ್ಡು ಬೇಡವೆಂದು ಮತ್ತೆ 100ಕ್ಕೆ ಬಂದೆವು.

ಆಫೀಸಿನದಲ್ಲದೆ ದುಡ್ಡು ಕೊಟ್ಟು ಕೊಂಡ ವಿಪಿಎನ್ ಬಳಸುವವರು ಒಂದು ಸಂಗತಿ ಗಮನಿಸಬೇಕು. ವಿಪಿಎನ್ ಕಂಪನಿಗಳು ಗ್ರಾಹಕರ ವಿವರವನ್ನು 5 ವರ್ಷ ಇಟ್ಟುಕೊಳ್ಳಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಆದೇಶ ಹೊರಡಿಸಿತು. ಆಮೇಲೆ ಹಲವು ಕಂಪನಿಗಳು ಭಾರತದಿಂದ ಸರ್ವರ್ ತೆಗೆದವು. ಕೆಲವರ ಪಟ್ಟಿಯಲ್ಲಿ "ಇಂಡಿಯಾ" ಎಂದೇ ಇದ್ದರೂ ಯಂತ್ರ ಇರುವುದು ಸಿಂಗಪುರದಂಥ ಕಡೆ. ಪಿಂಗ್ (ಸರ್ವರಿಗೆ ಹೋಗಿ ಬರಲು ಹಿಡಿಯುವ ಹೊತ್ತು) ಹೆಚ್ಚಿಗೆ ಬಂದರೆ ವಿಜಯಪುರದ ಲೈನನ್ನು ಬೈಯುವ ಮೊದಲು ಸರ್ವರ್ ಎಲ್ಲಿದೆ ಎಂದು ವಿಚಾರಿಸಿ.

ಐಟಿಯವರಿಗೆ ಬರೆಯುವಾಗ ಸುಮ್ಮನೆ "ಸ್ಲೋ" ಎನ್ನಬೇಡಿ. ವಿಪಿಎನ್ ಇದ್ದಾಗ, ಇಲ್ಲದಾಗಿನ ವೇಗ, ತಂತಿಯಲ್ಲೋ ವೈಫೈನಲ್ಲೋ, ಹೊತ್ತು ಯಾವುದು, ಟಿಸಿಪಿಯೋ ಯುಡಿಪಿಯೋ, ಇಷ್ಟು ಬರೆಯಿರಿ. ತಂಗಿ ಹೀಗೆ ಬರೆದ ಮೇಲೆ ಅವಳಿಗೆ ಮರುದಿನವೇ ಯುಡಿಪಿ ಪ್ರೊಫೈಲ್ ಬಂತು.